ಕಕ್ಕಬೆಯ ದಾರಿಯಲ್ಲಿ ಸೀಳಿದ ಗಾಜು

ಕೊಡಗಿನ ಪಡುವಣ ಅಂಚಿನಲ್ಲಿ, ತಡಿಯಂಡಮೋಳ್ ಬೆಟ್ಟದ ಮಡಿಲಲ್ಲಿ ಕಕ್ಕಬೆ ಇದೆ. ಜೇನಿಗೆ ಹೆಸರಾದ ಊರು. ಪಾಡಿ ಇಗ್ಗುತ್ತಪ್ಪನ ಸನ್ನಿಧಿ ಇಲ್ಲಿಗೆ ಸಮೀಪ. ದೊಡ್ಡ ವೀರರಾಜೇಂದ್ರ ಅರಸು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯೂ ಇಲ್ಲಿಂದ ದೂರವಿಲ್ಲ. ಮಳೆಯನ್ನೂ ಬೆಳೆಯನ್ನೂ ಕೊಡುವ ದೈವವೆಂದು ಕೊಡವರು ನಂಬಿದ ಇಗ್ಗುತ್ತಪ್ಪನ ನೆರೆಯಲ್ಲಿ ಮಳೆಗೆ ಕೊರತೆಯಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಕ್ಕಡ ತಿಂಗಳು ಬಂದಿತೆಂದರೆ 1,748 ಮೀಟರು ಎತ್ತರದ ಆ ಬೆಟ್ಟ ದಿನಗಟ್ಟಲೆ ಮೋಡದೊಳಗೆ ಅಡಗಿ ಕುಳಿತುಬಿಡುತ್ತದೆ. ಹಗಲಿನಲ್ಲಿಯೇ ದೀಪ ಹೊತ್ತಿಸಿಕೊಂಡು ವಾಹನಗಳು ತಿರುವು ತಿರುವುಗಳಲ್ಲಿ ಇಳಿಯುತ್ತವೆ.

ಅಂಥ ದಾರಿಯಲ್ಲಿ ವಾಹನ ನಡೆಸುವವನಿಗೂ ಪ್ರಪಾತಕ್ಕೂ ನಡುವೆ ಇರತಕ್ಕದ್ದು ಏನು? ಬ್ರೇಕು ಎನ್ನುವರು, ಟೈರು ಎನ್ನುವರು. ನಿಜವೇ. ಆದರೆ ಕಣ್ಣಿಗೆ ದಾರಿ ಕಂಡ ಬಳಿಕವಷ್ಟೇ ಕಾಲಿಗೆ ಬ್ರೇಕಿನ ನೆನಪಾಗುವುದು. ಮುಂದಿನ ಗಾಜಿನ ಮಹತ್ವ ಅಲ್ಲಿದೆ. ಚಾಲಕರು ಅದನ್ನು ‘ಫ್ರಂಟ್ ಗ್ಲಾಸು’ ಎನ್ನುತ್ತಾರೆ. ಕಂಪೆನಿಯ ಪುಸ್ತಕದಲ್ಲಿ ಅದರ ಹೆಸರು ವಿಂಡ್‌ಶೀಲ್ಡು. ಅದು ಒಡೆದಾಗ ಮನೆಯ ಕಿಟಕಿಯ ಗಾಜು ಒಡೆದಂತೆಯೇ ಎಂದು ಭಾವಿಸಿ, ಅಗ್ಗವಾಗಿ ಸಿಕ್ಕಿದ್ದನ್ನು ಕೂಡಿಸಿಬಿಡುವವರು ಇಂದಿಗೂ ಇದ್ದಾರೆ. ಲಕ್ಷಗಟ್ಟಲೆ ಬೆಲೆಯ ಪಿಕಪ್ ವಾಹನವನ್ನು ಕೊಂಡವರೂ ಈ ಮಾತಿಗೆ ಹೊರತಲ್ಲ.

ಹಿಂದಿನ ಜೀಪಿನ ಕಾಲದಲ್ಲಿ ಈ ಭಾವನೆ ತಪ್ಪಾಗಿರಲಿಲ್ಲ. ಮಹೀಂದ್ರ ಕಂಪೆನಿಯವರು ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪು ಕೊಡಗಿನ ತೋಟಗಳಿಗೆ ಹೇಳಿ ಮಾಡಿಸಿದಂತಿತ್ತು. ಅದರ ಮುಂದಿನ ಗಾಜು ಹಲಗೆಯಂತೆ ಚಪ್ಪಟೆ. ಕಬ್ಬಿಣದ ಚೌಕಟ್ಟು, ಸುತ್ತಲೂ ರಬ್ಬರು, ನಡುವೆ ಗಾಜು. ಬೇಕೆನಿಸಿದರೆ ಇಡೀ ಚೌಕಟ್ಟನ್ನೇ ಬಾನೆಟ್ಟಿನ ಮೇಲೆ ಮಡಚಿ ಮಲಗಿಸಬಹುದಾಗಿತ್ತು. ಗಾಜಿಗೆ ಆ ವಾಹನದ ಒಡಲಿನೊಡನೆ ಹೆಚ್ಚಿನ ನಂಟಿರಲಿಲ್ಲ. ಮಳೆ ಗಾಳಿಗಳನ್ನು ತಡೆಯುವುದಷ್ಟೇ ಅದರ ಕೆಲಸ. ತಡಿಯಂಡಮೋಳ್ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯುವ ಹಳೆಯ ಜೀಪುಗಳಲ್ಲಿ ಈ ಬಗೆಯ ಗಾಜನ್ನು ಈಗಲೂ ನೋಡಬಹುದು. ಅಳತೆ ಕೊಟ್ಟರೆ ಪೇಟೆಯ ಗಾಜಿನ ಅಂಗಡಿಯವನು ಅದನ್ನು ಕತ್ತರಿಸಿಕೊಡಬಲ್ಲ. ಕತ್ತರಿಸುವುದು ಸಾಮಾನ್ಯ ಕಿಟಕಿಯ ಗಾಜಾಗಿರಬಾರದು ಎಂಬುದೊಂದೇ ಅಲ್ಲಿರುವ ಎಚ್ಚರಿಕೆ.

ಇಂದಿನ ಪಿಕಪ್ ವಾಹನದ ಮಾತೇ ಬೇರೆ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್ 2016ರಲ್ಲಿ ಬಂದಿತು. ನಮ್ಮ ಬಿಡದಿಯ ಟೊಯೋಟ ಕಾರ್ಖಾನೆಯಿಂದ ಹೈಲಕ್ಸ್ 2022ರಲ್ಲಿ ಹೊರಟಿತು. ಹಿಂದೆ ಗೊಬ್ಬರದ ಮೂಟೆ, ಮುಂದೆ ಚರ್ಮದ ಹೊದಿಕೆಯ ಆಸನ, ತಂಪು ಗಾಳಿ. ತೋಟದ ಕೆಲಸಕ್ಕೂ ಮದುವೆಯ ಮನೆಗೂ ಒಂದೇ ಗಾಡಿ. ಇವುಗಳಲ್ಲಿ ಮುಂದಿನ ಗಾಜನ್ನು ರಬ್ಬರಿನಲ್ಲಿ ಸಿಕ್ಕಿಸಿರುವುದಿಲ್ಲ. ಪಾಲಿಯುರೆಥೇನ್ ಎಂಬ ಬಲವಾದ ಅಂಟಿನಿಂದ ವಾಹನದ ಒಡಲಿಗೆ ಬೆಸೆದಿರುತ್ತಾರೆ. ವಾಹನ ಮಗುಚಿದಾಗ ಮಾಳಿಗೆ ಕುಸಿಯದಂತೆ ಆನಿಕೆ ಕೊಡುವುದರಲ್ಲಿ ಈ ಗಾಜಿಗೂ ಪಾಲಿದೆ. ಅಪಘಾತದ ಕ್ಷಣದಲ್ಲಿ ಮುಂದಿನ ಆಸನದವರ ಎದುರು ಉಬ್ಬಿ ಬರುವ ಗಾಳಿಚೀಲ, ಎಂದರೆ ಏರ್‌ಬ್ಯಾಗು, ಅನೇಕ ವಾಹನಗಳಲ್ಲಿ ಮೊದಲು ಮೇಲಕ್ಕೆ ಚಿಮ್ಮಿ ಗಾಜಿಗೆ ಬಡಿದು, ಅದರ ಆಧಾರದ ಮೇಲೆ ಪ್ರಯಾಣಿಕನ ಕಡೆಗೆ ತಿರುಗುತ್ತದೆ. ಗಾಜಿನ ಅಂಟು ಸಡಿಲವಾಗಿದ್ದರೆ ಗಾಜು ಹೊರಕ್ಕೆ ಹಾರಿಹೋಗುತ್ತದೆ. ಅದರ ಹಿಂದೆಯೇ ಗಾಳಿಚೀಲವೂ ಹೊರಕ್ಕೆ ಹೋಗುತ್ತದೆ. ಪಕ್ಕದಲ್ಲಿ ಕುಳಿತ ಮನೆಯಾಕೆಗೆ ಆಗ ರಕ್ಷಣೆ ಯಾವುದು? ಹೊರನೋಟಕ್ಕೆ ಚೊಕ್ಕಟವಾಗಿ ಕಾಣುವ ಅರೆಬರೆ ಕೆಲಸದ ಅಪಾಯ ಅಂಥ ಗಳಿಗೆಯಲ್ಲಿ ಮಾತ್ರ ಬಯಲಾಗುವುದು.

ಬೀಳಿಸಿದರೂ ಚೂರಾಗದ ಬುದ್ದಲಿ

ಈ ಗಾಜಿನ ಹುಟ್ಟಿನ ಕತೆ ಸ್ವಾರಸ್ಯವಾದುದು. 1903ರಲ್ಲಿ ಎದುವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ಕೈಯಿಂದ ಪ್ರಯೋಗಶಾಲೆಯ ಗಾಜಿನ ಬುದ್ದಲಿಯೊಂದು ನೆಲಕ್ಕೆ ಬಿತ್ತಂತೆ. ಒಡೆಯಿತು, ಆದರೆ ಚೂರುಚೂರಾಗಿ ಚೆಲ್ಲಲಿಲ್ಲ. ಹಿಂದೆಂದೋ ಅದರಲ್ಲಿಟ್ಟಿದ್ದ ಸೆಲ್ಯುಲೋಸ್ ನೈಟ್ರೇಟಿನ ದ್ರಾವಣ ಒಣಗಿ ಒಳಮೈಗೆ ತೆಳುವಾದ ಪೊರೆ ಕಟ್ಟಿತ್ತು. ಆ ಪೊರೆ ಚೂರುಗಳನ್ನು ಹಿಡಿದಿಟ್ಟುಕೊಂಡಿತ್ತು. ಇದರಿಂದ ಹೊಳೆದ ಉಪಾಯಕ್ಕೆ ಆತ 1909ರಲ್ಲಿ ಪೇಟೆಂಟು ಪಡೆದ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣಿಗೆ ಇಂಥ ಗಾಜನ್ನು ಬಳಸಿದರು. ಅನಂತರ ಮೋಟಾರಿಗೆ ಬಂದಿತು. (ಮಳೆನೀರು ಒರೆಸುವ ವೈಪರಿಗೆ ಮೇರಿ ಆಂಡರ್ಸನ್ ಎಂಬ ಅಮೆರಿಕದ ಮಹಿಳೆ ಪೇಟೆಂಟು ಪಡೆದದ್ದೂ ಅದೇ 1903ರಲ್ಲಿ. ಗಾಜೂ ವೈಪರೂ ಒಂದೇ ವರ್ಷದ ಕೂಸುಗಳೆನ್ನಬಹುದು.)

ಈಗಿನ ಲ್ಯಾಮಿನೇಟೆಡ್ ಗಾಜು ಎಂದರೆ ಸುಮಾರು ಎರಡೆರಡು ಮಿಲಿಮೀಟರಿನ ಎರಡು ಗಾಜಿನ ಹಾಳೆಗಳು, ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕಿನ ಪೊರೆ. ಕಲ್ಲು ಬಡಿದರೆ ಹೊರಗಿನ ಹಾಳೆ ಸೀಳುತ್ತದೆ, ಪೊರೆ ಹಿಡಿದುಕೊಳ್ಳುತ್ತದೆ, ಒಳಗಿನ ಹಾಳೆ ಬಹುಮಟ್ಟಿಗೆ ಉಳಿಯುತ್ತದೆ. ಪಕ್ಕದ ಬಾಗಿಲುಗಳ ಗಾಜು ಸಾಮಾನ್ಯವಾಗಿ ಇದಲ್ಲ. ಅದು ಕಾಯಿಸಿ ಥಟ್ಟನೆ ತಣಿಸಿದ ಬಿರುಸು ಗಾಜು. ಒಡೆದರೆ ಕಲ್ಲುಸಕ್ಕರೆಯಂತೆ ಕಾಳುಕಾಳಾಗಿ ಉದುರುತ್ತದೆ. ನಮ್ಮ ದೇಶದಲ್ಲಿಯೂ ಒಂದು ಕಾಲಕ್ಕೆ ಮುಂದೆಯೂ ಇಂಥ ಬಿರುಸು ಗಾಜನ್ನೇ ಹಾಕುತ್ತಿದ್ದರು. ಕಲ್ಲು ತಗಲಿದೊಡನೆ ಇಡೀ ಗಾಜು ಮಂಜುಗಟ್ಟಿದಂತೆ ಬೆಳ್ಳಗಾಗಿ ಚಾಲಕನಿಗೆ ದಾರಿಯೇ ಕಾಣದಾಗುತ್ತಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನೂರನೆಯ ನಿಯಮವು, ಅವು ಜಾರಿಗೆ ಬಂದ ಮೂರು ವರ್ಷಗಳ ಬಳಿಕ ತಯಾರಾಗುವ ಮೋಟಾರುಗಳ ಮುಂದಿನ ಗಾಜು ಲ್ಯಾಮಿನೇಟೆಡ್ಡೇ ಆಗಿರಬೇಕೆಂದು ವಿಧಿಸಿತು. ಅದೇ ನಿಯಮದ ಪ್ರಕಾರ ಮುಂದಿನ ಗಾಜಿನ ಮೂಲಕ ನೂರಕ್ಕೆ ಎಪ್ಪತ್ತು ಪಾಲಿಗೆ ಕಡಮೆಯಿಲ್ಲದೆ ಬೆಳಕು ಹಾಯಬೇಕು. ಗಾಜಿಗೆ ಕಪ್ಪು ಹಾಳೆ ಅಂಟಿಸುವ ಚಟಕ್ಕೆ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತಡೆ ಹಾಕಿದ್ದು ಈ ನಿಯಮದ ಆಧಾರದ ಮೇಲೆಯೇ. ಕಕ್ಕಬೆಯ ಮಂಜಿನಲ್ಲಿ ಇರುವ ಬೆಳಕೇ ಸಾಲದಿರುವಾಗ ಅದನ್ನು ಇನ್ನಷ್ಟು ಕುಂದಿಸಿಕೊಳ್ಳುವ ಷೋಕಿ ಯಾರಿಗೆ ಬೇಕು?

ಚುಕ್ಕೆಯೊ, ಬಿರುಕೊ

ಗಾಜು ಒಡೆಯುವ ಸಂದರ್ಭಗಳು ಈ ಸೀಮೆಯಲ್ಲಿ ಹಲವು. ರಸ್ತೆ ದುರಸ್ತಿಗೆ ಸುರಿದ ಜಲ್ಲಿಯ ಕಲ್ಲು ಟಿಪ್ಪರಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡು ಹಿಂದಿನ ವಾಹನಕ್ಕೆ ಕವಣೆಯ ಕಲ್ಲಿನಂತೆ ಬಂದು ಬಡಿಯುವುದುಂಟು. ಆಷಾಢದ ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಮುರಿದು ಬೀಳುವುದುಂಟು. ಕಾಫಿಯ ಹೂಮಳೆಗೆ ತೋಟದ ಸಾಹುಕಾರ ಕೈಮುಗಿದು ಕಾಯುತ್ತಿರುವಾಗ, ಮಳೆಯೊಡನೆ ಬಂದ ಆಲಿಕಲ್ಲು ಅಂಗಳದಲ್ಲಿ ನಿಂತ ಗಾಡಿಯ ಗಾಜಿಗೆ ಚುಕ್ಕೆ ಇಟ್ಟು ಹೋಗುವುದೂ ಉಂಟು.

ಒಡೆದೊಡನೆ ಬದಲಿಸಲೇಬೇಕೆಂದಿಲ್ಲ. ಒಂದು ರೂಪಾಯಿ ನಾಣ್ಯದೊಳಗೆ ಅಡಗುವಂಥ ಚುಕ್ಕೆಯಾದರೆ, ಅದು ಚಾಲಕನ ಕಣ್ಣಿನ ನೇರಕ್ಕಾಗಲಿ ಗಾಜಿನ ಅಂಚಿಗೆ ಸಮೀಪದಲ್ಲಾಗಲಿ ಇಲ್ಲದಿದ್ದರೆ, ಒಳಹಾಳೆಗೆ ಪೆಟ್ಟು ತಗಲಿರದಿದ್ದರೆ, ಅದರೊಳಗಿನ ಗಾಳಿಯನ್ನು ಹೀರಿ ತೆಗೆದು ರಾಳದಂಥ ದ್ರವವನ್ನು ತುಂಬಿ ಗಟ್ಟಿಮಾಡಬಹುದು. ಗುರುತು ಸ್ವಲ್ಪ ಉಳಿಯುತ್ತದೆ, ಬಿರುಕು ಬೆಳೆಯುವುದಿಲ್ಲ. ಕಾರ್ಖಾನೆಯಲ್ಲಿ ಬೆಸೆದ ಮೂಲ ಗಾಜು ಅಲುಗದೆ ಉಳಿಯುವುದೇ ಇದರ ದೊಡ್ಡ ಲಾಭ. ಆದರೆ ಈ ಕೆಲಸಕ್ಕೆ ಚುಕ್ಕೆಯೊಳಗೆ ನೀರೂ ಕೆಸರೂ ಹೋಗಿರಬಾರದು. ಕಕ್ಕಬೆಯ ಮಳೆಗಾಲದಲ್ಲಿ ಇದೇ ಕಷ್ಟ. ಕಲ್ಲು ಬಡಿದ ಕೂಡಲೆ ವಾಹನ ನಿಲ್ಲಿಸಿ, ಆ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಪಾರದರ್ಶಕವಾದ ಅಂಟುಪಟ್ಟಿಯ ತುಂಡೊಂದನ್ನು ಅಂಟಿಸಿದರೆ ಎರಡು ದಿನದ ಬಳಿಕ ಪೇಟೆಗೆ ಹೋದಾಗಲೂ ಗಾಜು ಉಳಿಯುವ ಸಂಭವವುಂಟು. ಹತ್ತು ರೂಪಾಯಿಯ ಪಟ್ಟಿ ಎಷ್ಟು ಸಾವಿರವನ್ನು ಉಳಿಸೀತು ಎಂಬುದನ್ನು ಗಾಡಿಯ ಒಡೆಯರೇ ಲೆಕ್ಕ ಹಾಕಲಿ.

ಅಷ್ಟರಲ್ಲಿ ಗಾಜಿಗೆ ಬಿಸಿ ತಂಪುಗಳ ಹೊಡೆತ ಕೊಡಬಾರದು. ಮಂಜು ಕವಿದ ಗಾಜಿಗೆ ಒಳಗಿನಿಂದ ಒಮ್ಮೆಲೆ ಬಿಸಿಗಾಳಿ ಬಿಟ್ಟರೆ, ಬೆಳಗಿನ ಚಳಿಯಲ್ಲಿ ಬಿಸಿನೀರು ಎರಚಿದರೆ, ಮೂಲೆಯ ಸಣ್ಣ ಸೀಳು ನೋಡುನೋಡುತ್ತಿರುವಂತೆ ಅಡ್ಡಡ್ಡಲಾಗಿ ಓಡುತ್ತದೆ. ಹೊಂಡಗುಂಡಿಯ ತೋಟದ ದಾರಿಯಲ್ಲಿ ವಾಹನದ ಒಡಲು ತಿರುಚಿಕೊಳ್ಳುವುದರಿಂದಲೂ ಹೀಗಾಗುತ್ತದೆ. ಅಂಚನ್ನು ಮುಟ್ಟಿದ ಬಿರುಕು, ಒಳಹಾಳೆಯವರೆಗೆ ಇಳಿದ ಬಿರುಕು, ಚಾಲಕನ ಎದುರಿಗಿರುವ ಬಿರುಕು: ಇವುಗಳಿಗೆ ತೇಪೆಯ ಉಪಾಯವಿಲ್ಲ. ಇದಿರಿನ ವಾಹನದ ದೀಪ ಬಿದ್ದಾಗ ಬಿರುಕು ಹತ್ತು ಕವಲಾಗಿ ಮಿನುಗುತ್ತದೆ; ರಾತ್ರಿಯ ಮಳೆಯಲ್ಲಿ ಆ ಮಿನುಗಿನ ಹಿಂದೆ ನಡೆದು ಹೋಗುವ ಕೂಲಿಯವನು ಕಾಣುವುದಿಲ್ಲ.

ಬದಲಿಸಲೇಬೇಕೆಂದಾಗ ಮೊದಲು ನೋಡತಕ್ಕದ್ದು ಗಾಜಿನ ಮೂಲೆಯ ಮುದ್ರೆ. ತಯಾರಕನ ಹೆಸರು, ಲ್ಯಾಮಿನೇಟೆಡ್ ಎಂಬ ಮಾತು, ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತು ಅಲ್ಲಿರುತ್ತವೆ. ವಾಹನ ಕಂಪೆನಿಯ ಚಿಹ್ನೆಯಿರುವ ಗಾಜಿಗೂ, ಚಿಹ್ನೆಯಿಲ್ಲದೆ ಹೊರಗಿನ ಮಾರುಕಟ್ಟೆಗೆ ಬರುವ ಗಾಜಿಗೂ ಬೆಲೆಯಲ್ಲಿ ಅಂತರವುಂಟು. ಎರಡನೆಯದೆಲ್ಲ ಕೆಟ್ಟದ್ದೆಂದಲ್ಲ. ಆದರೆ ಒಂದೇ ಹೆಸರಿನ ವಾಹನಕ್ಕೂ ಹಲವು ಗಾಜುಗಳಿರುತ್ತವೆ: ಮಳೆಯನ್ನು ತಾನೇ ಅರಿತು ವೈಪರು ಓಡಿಸುವ ಉಪಕರಣಕ್ಕೆ ಜಾಗವಿರುವುದು, ಶಬ್ದ ತಗ್ಗಿಸುವ ವಿಶೇಷ ಪೊರೆಯುಳ್ಳದ್ದು, ಬಿಸಿಲನ್ನು ಹಿಮ್ಮೆಟ್ಟಿಸುವ ಲೋಹದ ಲೇಪವಿರುವುದು. ಈ ಕೊನೆಯದರಲ್ಲಿ ಒಂದು ಸೂಕ್ಷ್ಮವಿದೆ. ಲೋಹದ ಲೇಪ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಅದರ ಹಿಂದೆ ಫಾಸ್ಟ್ಯಾಗ್ ಚೀಟಿ ಅಂಟಿಸಿದರೆ ಸುಂಕದ ಗೇಟಿನ ಯಂತ್ರ ಓದದೆ ಹೋಗಬಹುದು. ಅದಕ್ಕೆಂದೇ ಕನ್ನಡಿಯ ಹಿಂಬದಿಯಲ್ಲಿ ಲೇಪವಿಲ್ಲದ ಕಿಂಡಿಯೊಂದನ್ನು ಬಿಟ್ಟಿರುತ್ತಾರೆ. ಇನ್ನು ಹಳೆಯ ಗಾಜಿನಿಂದ ಕಿತ್ತ ಚೀಟಿ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬ್ಯಾಂಕಿನಿಂದ ಬದಲಿ ಚೀಟಿ ತರಿಸಬೇಕು. ಇದನ್ನು ಮರೆತು ಬೆಂಗಳೂರಿಗೆ ಹೊರಟವರಿಗೆ ಶ್ರೀರಂಗಪಟ್ಟಣದ ಬಳಿಯ ಸುಂಕದ ಕಟ್ಟೆಯಲ್ಲಿ ನೆನಪಾಗುತ್ತದೆ.

ಮುಂದಿನ ಗಾಜಿನ ನೆತ್ತಿಯಲ್ಲಿ ಕ್ಯಾಮರಾ ಇರುವ ವಾಹನಗಳೂ ಈಗ ಬಂದಿವೆ. ಹಳೆಯ ಜೀಪಿನ ವಂಶದ ಕುಡಿಯೆನ್ನಬಹುದಾದ ಥಾರ್ ರಾಕ್ಸಿನ ಕೆಲವು ಮಾದರಿಗಳಲ್ಲಿ 2024ರಿಂದ ಇದುಂಟು. ಮುಂದಿನ ವಾಹನ ಹತ್ತಿರವಾದರೆ ಎಚ್ಚರಿಸಿ, ಬೇಕಾದರೆ ತಾನೇ ಬ್ರೇಕು ಹಾಕುವ ವ್ಯವಸ್ಥೆಗೆ ಈ ಕ್ಯಾಮರಾ ಕಣ್ಣು. ಹೊಸ ಗಾಜು ಕೂಡಿಸಿದಾಗ ಆ ಕಣ್ಣು ಒಂದೇ ಒಂದು ಡಿಗ್ರಿ ಓರೆಯಾದರೆ, ನೂರು ಮೀಟರು ದೂರದಲ್ಲಿರುವುದನ್ನು ಅದು ಒಂದೂಮುಕ್ಕಾಲು ಮೀಟರು ಆಚೆಗೋ ಈಚೆಗೋ ಇದೆಯೆಂದು ಎಣಿಸುತ್ತದೆ. ಆದುದರಿಂದ ಗಾಜು ಬದಲಾದ ಮೇಲೆ ಕ್ಯಾಮರಾವನ್ನು ಮತ್ತೆ ಹದಗೊಳಿಸಬೇಕು. ಅದಕ್ಕೆ ಸಮತಟ್ಟಾದ ನೆಲದ ಮೇಲೆ ಗುರುತಿನ ಫಲಕಗಳನ್ನಿಟ್ಟು ನೋಡುವ ಕ್ರಮ ಒಂದು. ಗೆರೆ ಸ್ಪಷ್ಟವಾಗಿ ಕಾಣುವ ರಸ್ತೆಯಲ್ಲಿ ನಿಯತ ವೇಗದಿಂದ ಓಡಿಸಿ ಹದಗೊಳಿಸುವ ಕ್ರಮ ಇನ್ನೊಂದು. ಕಕ್ಕಬೆಯ ಸುತ್ತ ಸಮತಟ್ಟಾದ ನೆಲವೆಂದರೆ ಗದ್ದೆ. ನೇರವಾದ ರಸ್ತೆಯಂತೂ ದುರ್ಲಭ. ಇಂಥ ವಾಹನದವರು ಮನೆಯಂಗಳದಲ್ಲಿಯೇ ಕೆಲಸ ಮುಗಿಸಿಕೊಳ್ಳುವ ಆಸೆ ಬಿಟ್ಟು, ಕಂಪೆನಿಯ ಕಾರ್ಯಾಗಾರಕ್ಕೆ ಹೋಗುವುದೇ ಲೇಸು.

ಅಂಟು ಒಣಗುವವರೆಗೆ

ಕೆಲಸದ ಗುಣವೆಲ್ಲ ಅಂಟಿನಲ್ಲಿದೆ. ಹಳೆಯ ಗಾಜನ್ನು ತಂತಿಯಿಂದಲೋ ವಿಶೇಷವಾದ ಚೂರಿಯಿಂದಲೋ ಕೊಯ್ದು ತೆಗೆಯುವಾಗ ಚೌಕಟ್ಟಿನ ಬಣ್ಣಕ್ಕೆ ಗೀರು ಬೀಳಬಾರದು. ಬಿದ್ದಿತೆಂದರೆ, ವರ್ಷದಲ್ಲಿ ನಾಲ್ಕಾರು ತಿಂಗಳು ತೇವ ಆರದ ಈ ಸೀಮೆಯಲ್ಲಿ ಅಲ್ಲಿಂದಲೇ ತುಕ್ಕು ಹೊರಡುತ್ತದೆ. ತುಕ್ಕಿನ ಮೇಲೆ ಅಂಟು ನಿಲ್ಲುವುದಿಲ್ಲ. ಗೀರಿದ ಜಾಗಕ್ಕೆ ಪ್ರೈಮರು ಬಳಿಯದ ಕೆಲಸಗಾರನನ್ನು ಅಲ್ಲಿಯೇ ತಡೆದು ಕೇಳಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯುವುದಿಲ್ಲ. ಒಂದೆರಡು ಮಿಲಿಮೀಟರಿನಷ್ಟು ತೆಳುವಾಗಿ ಉಳಿಸಿ ಅದರ ಮೇಲೆ ಹೊಸತನ್ನು ಎಳೆಯುವುದು ಬಲ್ಲವರ ಪದ್ಧತಿ. ಅಂಟಿನ ಕೊಳವೆಯ ಮೇಲೆ ಬಳಕೆಯ ಅವಧಿಯ ತಾರೀಖು ಇರುತ್ತದೆ. ಅದನ್ನು ಓದಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಬಾಗಿಲಿನ ಸಂದಿಗೆ ಹಚ್ಚುವ ಸಾಮಾನ್ಯ ಸಿಲಿಕೋನನ್ನು ಇಲ್ಲಿ ಬಳಸಿದರೆ ನೀರು ನಿಂತೀತು, ಗಾಜು ನಿಲ್ಲದು.

ಈ ಅಂಟಿನ ಸ್ವಭಾವ ವಿಚಿತ್ರ. ವಾಹನಗಳಿಗೆ ಹೆಚ್ಚಾಗಿ ಬಳಸುವ ಬಗೆಯದು ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು. ಹಾಗಿದ್ದ ಮೇಲೆ ಕೊಡಗಿನ ಹವೆ ಅದಕ್ಕೆ ಅನುಕೂಲವಲ್ಲವೇ ಎನ್ನಬಹುದು. ಅರ್ಧ ಮಾತ್ರ ನಿಜ. ಗಾಳಿಯ ತೇವ ಬೇಕು. ಆದರೆ ಅಂಟಿಸುವ ಮೈಯ ಮೇಲೆ ಒಂದು ಹನಿ ನೀರೂ ಇರಬಾರದು. ಚಳಿ ಹೆಚ್ಚಿದಷ್ಟೂ ಗಟ್ಟಿಯಾಗುವುದು ತಡವಾಗುತ್ತದೆ. ಆಗಸ್ಟಿನ ಸಂಜೆ, ಮಾಡಿನಿಂದ ಹನಿ ತೊಟ್ಟಿಕ್ಕುವ ಷೆಡ್ಡಿನಲ್ಲಿ ಅವಸರದಿಂದ ಮಾಡಿದ ಕೆಲಸಕ್ಕೂ, ನಾಲ್ಕು ಕಡೆ ಮರೆಯಿರುವ ಒಣ ಜಾಗದಲ್ಲಿ ಮಾಡಿದ ಕೆಲಸಕ್ಕೂ ಅಜಗಜಾಂತರ.

ಎಷ್ಟು ಹೊತ್ತಿನ ಬಳಿಕ ವಾಹನ ಓಡಿಸಬಹುದು? ಒಂದು ಗಂಟೆಯಲ್ಲಿ ಸಿದ್ಧವಾಗುವ ಅಂಟುಗಳಿವೆ. ಒಂದು ದಿನ ಬೇಡುವಂಥವೂ ಇವೆ. ತಯಾರಕರು ಹವೆಗೆ ತಕ್ಕಂತೆ ಸಮಯ ಗೊತ್ತುಮಾಡಿ ಕೊಟ್ಟಿರುತ್ತಾರೆ; ಕೆಲಸಗಾರನನ್ನು ಕೇಳಿ ತಿಳಿದು, ಸಾಧ್ಯವಾದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಗಾಜು ಹಾಕಿಸಿಕೊಂಡವರಿಗೆ ಕತ್ತಲಾಗುವ ಮೊದಲು ಘಟ್ಟ ಹತ್ತುವ ಅವಸರವಿರುತ್ತದೆ. ಮಂಗಳೂರಿನಿಂದ ಬರುವವರ ದಾರಿ ಸಂಪಾಜೆ ಘಾಟಿಯದು. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿಗೆ ಸಂಪರ್ಕವೇ ಕಡಿದುಹೋದ ದಾರಿ. ಹಸಿ ಅಂಟಿನ ಗಾಜು ಹೊತ್ತ ವಾಹನ ಅಂಥ ತಿರುವುಗಳಲ್ಲಿ ಓಲಾಡುವುದಕ್ಕಿಂತ, ಒಂದು ರಾತ್ರಿ ನೆಂಟರ ಮನೆಯಲ್ಲಿ ತಂಗಿದರೆ ಊಟವೂ ಆಯಿತು, ಅಂಟೂ ಬಿಗಿಯಿತು. ಮೊದಲೆರಡು ದಿನ ಬಾಗಿಲನ್ನು ಧಡ್ಡೆಂದು ಹಾಕಬಾರದು. ಒಳಗಿನ ಗಾಳಿಯ ಒತ್ತಡ ಹಸಿ ಅಂಟನ್ನು ನೂಕುತ್ತದೆ. ಪಕ್ಕದ ಗಾಜನ್ನು ಬೆರಳಗಲ ಇಳಿಸಿಟ್ಟರೆ ಸಾಕು. ರಭಸದ ನೀರು ಹಾಯಿಸಿ ತೊಳೆಯುವುದೂ ಬೇಡ.

ವಿಮೆಯ ವಿಷಯದಲ್ಲಿ ಗೃಹಸ್ಥರು ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು. ಗಾಜಿಗೆ ಸವಕಳಿಯ ಕಡಿತವಿಲ್ಲ. ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಕಡಿತ. 1,500 ಸಿ.ಸಿ.ಗೆ ಮೇಲ್ಪಟ್ಟ ಖಾಸಗಿ ಕಾರುಗಳಿಗೆ ಪ್ರತಿ ಸಲ 2,000 ರೂಪಾಯಿಯನ್ನು ಒಡೆಯನೇ ಭರಿಸತಕ್ಕದ್ದು. ಹಳದಿ ಫಲಕದ ಸರಕು ವಾಹನದ ಲೆಕ್ಕ ಬೇರೆ. ಇಷ್ಟರಿಂದ ವಿಮೆಯೇ ಲಾಭವೆನ್ನಿಸುತ್ತದೆ. ಆದರೆ ಐದು ವರ್ಷ ಏನೂ ಕೇಳದೆ ಇದ್ದವರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ನೂರಕ್ಕೆ ಐವತ್ತು ರಿಯಾಯಿತಿ ಇರುತ್ತದೆ. ಒಮ್ಮೆ ಪರಿಹಾರ ಕೇಳಿದರೆ ಸಾಮಾನ್ಯವಾಗಿ ಅದು ಸೊನ್ನೆಗೆ ಇಳಿದು, ಮತ್ತೆ ಇಪ್ಪತ್ತರಿಂದ ಏರಬೇಕು. ಉದಾಹರಣೆಗೆ ರಿಯಾಯಿತಿಗೆ ಮೊದಲಿನ ಪ್ರೀಮಿಯಮ್ಮು 30,000 ಎಂದಿಟ್ಟುಕೊಂಡರೆ, ಮಾರನೆಯ ವರ್ಷ 15,000, ಅದರ ಮಾರನೆಯ ವರ್ಷ 9,000 ರೂಪಾಯಿ ಹೆಚ್ಚಾಗಿ ತೆರಬೇಕಾಗುತ್ತದೆ. ಗಾಜಿನ ಬಿಲ್ಲು 18,000 ಆಗಿದ್ದರೆ ಕೈಗೆ ಬರುವುದು ಹೆಚ್ಚೆಂದರೆ 16,000. ಎರಡು ವರ್ಷದಲ್ಲಿ 24,000 ಕೊಟ್ಟು 16,000 ಪಡೆದಂತಾಯಿತು. ರಿಯಾಯಿತಿಯನ್ನು ಕಾಪಾಡುವ ಬೇರೆ ಕಂತನ್ನು ಕಟ್ಟಿದವರಿಗೆ ಈ ನಷ್ಟವಿಲ್ಲ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ ನೋಡಬೇಕು. ವಿಮೆಯನ್ನೇ ಕೇಳುವುದಾದರೆ, ಹಳೆಯ ಗಾಜನ್ನು ಕೀಳಿಸುವ ಮೊದಲೇ ತಿಳಿಸಿ, ಪರಿಶೀಲನೆ ಮುಗಿಯುವವರೆಗೆ ಗಾಡಿಯನ್ನು ಹಾಗೆಯೇ ಇಟ್ಟಿರಬೇಕು.

ಹೊಸ ಗಾಜಿಗೆ ಹಳೆಯ ವೈಪರು ಕೂಡದು. ಹಳತರ ರಬ್ಬರಿನಲ್ಲಿ ಅಡಗಿದ ಮರಳೂ ಹಳೆಯ ಗಾಜಿನ ಚೂರೂ ಮೊದಲ ದಿನವೇ ಹೊಸ ಗಾಜಿನ ಮೇಲೆ ಬಿಲ್ಲಿನಾಕಾರದ ಗೀರು ಎಳೆಯುತ್ತವೆ. ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂಬದಿಯ ಜಾಲರಿಯೊಳಗೆ, ತೋಟದ ಮರಗಳ ಎಲೆ ಕಡ್ಡಿಗಳು ಸೇರಿ ನೀರು ಹರಿಯುವ ಕಿಂಡಿಯನ್ನು ಮುಚ್ಚಿಬಿಟ್ಟಿರುತ್ತವೆ. ಗಾಜು ತೆಗೆದಿರುವಾಗ ಅದನ್ನೂ ಚೊಕ್ಕಟ ಮಾಡಿಸುವುದು ಸುಲಭ. ಮತ್ತೆ ಮೊದಲ ದೊಡ್ಡ ಮಳೆ ಹೊಯ್ದ ಮರುದಿನ ಬೆಳಗ್ಗೆ, ಮುಂದಿನ ಎರಡೂ ಆಸನಗಳ ಕಾಲ ಬಳಿಯ ಹಾಸನ್ನು ಎತ್ತಿ, ಅಡಿಯನ್ನು ಅಂಗೈಯಿಂದ ಒತ್ತಿ ನೋಡಬೇಕು. ಒದ್ದೆಯಾಗಿದ್ದರೆ ಬಿಲ್ಲನ್ನು ತೆಗೆದುಕೊಂಡು ಆ ದಿನವೇ ಹಿಂದಿರುಗಿ ಹೋಗತಕ್ಕದ್ದು.